ಲಿವಿಂಗ್‌ಸ್ಟನ್ ಅವರನ್ನು ಹೊತ್ತವರು: ಒಂದು ಚರಿತ್ರಾಭ್ಯಾಸ

ನಮ್ಮ ಶಾಲೆಯ ಮೇಲ್ತರಗತಿಗಳ ಚರ್ಚಾಕೂಟದಲ್ಲಿ ಒಮ್ಮೆ, "ಡಾಕ್ಟರ್ ಡೇವಿಡ್ ಲಿವಿಂಗ್‌ಸ್ಟನ್ ಅವರು ಆಫ್ರಿಕಾ ಖಂಡದ ಜನರಿಗೆ ಉಪಕಾರಿಗಳೋ ಅಲ್ಲವೋ" ಎಂಬ ವಿಷಯವನ್ನು ವಾದಕ್ಕೆ ಇಟ್ಟಿದ್ದೆವು. ಒಂದು ಪಕ್ಷದ ಬಾಲಕಿಯರು ಅವರನ್ನು ಗುಲಾಮರ ವ್ಯಾಪಾರದ ಕ್ರೌರ್ಯವನ್ನು ಲೋಕಕ್ಕೆ ತೋರಿಸಿಕೊಟ್ಟ ಪುಣ್ಯಪುರುಷರೆಂದು ಕೊಂಡಾಡಿದರು. ಇನ್ನೊಂದು ಪಕ್ಷದವರು ಪರದೇಶೀಯರ ದೊರೆತನಕ್ಕೆ ಕಾಡಿನಲ್ಲಿ ದಾರಿ ಸವರಿಕೊಟ್ಟವರೆಂದು ದೂರಿದರು. ಎರಡು ಕಡೆಗೂ ಚಪ್ಪಾಳೆ ಬಿದ್ದಿತು. ಎತ್ತಿದ ಕೈಗಳನ್ನು ಎಣಿಸಿದಾಗ ಲೆಕ್ಕವೂ ಸರಿಸಮವಾಯಿತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಬಾಲಕಿಯು ಎದ್ದು, "ಅವರು ಸತ್ತ ಮೇಲೆ ಶವವನ್ನು ಸಮುದ್ರತೀರದ ತನಕ ಹೊತ್ತವರು ಯಾರಮ್ಮಾ? ಅವರ ಹೆಸರನ್ನು ಯಾರೂ ಹೇಳಲಿಲ್ಲವಲ್ಲ?" ಎಂದು ಕೇಳಿದಳು. ಉತ್ತರ ಕೊಡುವಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ಹೊಡೆದುದು ನಮ್ಮ ಪುಣ್ಯ, ಏಕೆಂದರೆ ಆ ದಿನ ನಮಗೂ ಇಬ್ಬರ ಹೊರತು ಬೇರೆ ಹೆಸರು ನೆನಪಿರಲಿಲ್ಲ.

ಮರುವಾರ ಒಬ್ಬ ತಾಯಿಯವರು ಬಂದು, "ಒಳ್ಳೆಯವರೆಂದು ನಾವು ನಂಬಿಕೊಂಡು ಬಂದವರನ್ನು ಮಕ್ಕಳ ಮುಂದೆ ಏಕೆ ಕೆದಕುತ್ತೀರಿ?" ಎಂದು ನೊಂದು ಕೇಳಿದರು. ಅವರ ನೋವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಈ ಮಹನೀಯರ ಚರಿತ್ರೆಯನ್ನು ಬಹುಮಾನವಾಗಿ ಪಡೆದು, ರಾತ್ರಿ ದಿಂಬಿನ ಕೆಳಗಿಟ್ಟುಕೊಂಡು ಮಲಗಿದವರಲ್ಲಿ ನಾವೂ ಸೇರಿದವರೇ. ಅದೇ ಪುಸ್ತಕವನ್ನು ಇನ್ನು ಮುಂದೆಯೂ ಬಾಲಕಿಯರ ಕೈಗೆ ಕೊಡಬಹುದೇ, ಕೊಟ್ಟರೆ ಏನು ಹೇಳಿ ಕೊಡಬೇಕು ಎಂಬ ಪ್ರಶ್ನೆಯು ಅಂದಿನಿಂದ ನಮ್ಮನ್ನು ಬಿಡದಿರುವುದರಿಂದ ಈ ಪಾಠವನ್ನು ಬರೆಯಲು ತೊಡಗಿದೆವು.

ಲಿವಿಂಗ್‌ಸ್ಟನ್ ಅವರು 1813ರಲ್ಲಿ ಸ್ಕಾಟ್ಲೆಂಡಿನ ಬ್ಲಾಂಟೈರ್ ಎಂಬ ಊರಿನಲ್ಲಿ ಬಡ ಮನೆತನದಲ್ಲಿ ಹುಟ್ಟಿದರು. ಹತ್ತನೆಯ ವಯಸ್ಸಿಗೆ ಹತ್ತಿಯ ಗಿರಣಿಗೆ ಕೂಲಿಗೆ ಹೋದರು. ಬೆಳಿಗ್ಗೆ ಆರರಿಂದ ರಾತ್ರಿ ಎಂಟರ ತನಕ ಕಡಿದ ನೂಲನ್ನು ಕೂಡಿಸುವ ಕೆಲಸ. ಮೊದಲನೆಯ ವಾರದ ಕೂಲಿಯಲ್ಲಿ ಒಂದು ಭಾಗದಿಂದ ಲ್ಯಾಟಿನ್ ವ್ಯಾಕರಣವನ್ನು ಕೊಂಡು, ನೂಲುವ ಯಂತ್ರದ ಮೇಲೆ ತೆರೆದಿಟ್ಟು, ಹೋಗಿಬರುವಾಗ ಒಂದೊಂದು ವಾಕ್ಯವನ್ನು ಓದಿಕೊಂಡರೆಂಬುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಆ ಕಾಲದಲ್ಲಿ ಇಂಥ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯು ಬಹುಮಟ್ಟಿಗೆ ಅಮೇರಿಕದ ಕಡೆಯ ಗುಲಾಮರ ಬೆವರಿನಿಂದ ಬೆಳೆದದ್ದೆಂಬುದನ್ನು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ. 2022ರಲ್ಲಿ ಗ್ಲಾಸ್ಗೋ ನಗರಕ್ಕೂ ಗುಲಾಮಗಿರಿಗೂ ಇದ್ದ ಸಂಬಂಧದ ಬಗ್ಗೆ ಅಲ್ಲಿಯ ನಗರಸಭೆಯು ಹೊರಡಿಸಿದ ವರದಿಯಲ್ಲಿ ಲಿವಿಂಗ್‌ಸ್ಟನ್ ಅವರ ಪ್ರತಿಮೆಯೂ ಸೇರಿತು. ಆದರೆ ಹತ್ತು ವರ್ಷದ ಕೂಲಿಯ ಹುಡುಗನ ತಲೆಯ ಮೇಲೆ ಗಿರಣಿಯ ಯಜಮಾನರ ಪಾಪವನ್ನು ಹೊರಿಸುವುದು ನಮಗೆ ಸರಿತೋರದು. ಹೊರಿಸಬೇಕಾದ ಬೇರೆ ಲೆಕ್ಕಗಳು ಉಂಟು.

ವೈದ್ಯಶಾಸ್ತ್ರವನ್ನು ಕಲಿತು, ಲಂಡನ್ ಮಿಷನ್ ಸಂಘದ ಮೂಲಕ 1841ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಬಂದರು. 1844ರಲ್ಲಿ ಮಬೊತ್ಸಾ ಎಂಬಲ್ಲಿ ಒಂದು ಸಿಂಹವು ಅವರ ಮೇಲೆ ಬಿದ್ದು ಎಡತೋಳಿನ ಎಲುಬನ್ನು ಜಜ್ಜಿತು. ಈ ಚಿತ್ರವು ಪ್ರತಿಯೊಂದು ಬಾಲಬೋಧೆಯ ಪುಸ್ತಕದಲ್ಲಿಯೂ ಇದ್ದೇ ಇರುವುದು. ಆಗ ಮೆಬಾಲ್ವೆ ಎಂಬ ಆ ದೇಶದ ಉಪದೇಶಿಯವರು ಬಂದೂಕವನ್ನೆತ್ತಿದರು; ಸಿಂಹವು ಡಾಕ್ಟರರನ್ನು ಬಿಟ್ಟು ಅವರ ಮೇಲೆ ಹಾರಿ ತೊಡೆಯನ್ನು ಕಚ್ಚಿತು. ಅವರು ಅಡ್ಡ ಬಾರದಿದ್ದರೆ ಜಲಪಾತವೂ ಇಲ್ಲ, ನದಿಗಳ ನಕ್ಷೆಯೂ ಇಲ್ಲ, ನಮ್ಮ ಚರ್ಚಾಕೂಟವೂ ಇಲ್ಲ. ನಾವು ಓದಿದ ಪಾಠದಲ್ಲಿ ಡಾಕ್ಟರರಿಗೆ "ಅವರು" ಎಂಬ ಬಹುವಚನವೂ, ಮೆಬಾಲ್ವೆಗೆ "ಅವನು" ಎಂಬ ಏಕವಚನವೂ ಇದ್ದಿತು. ಈ ಲೇಖನದಲ್ಲಿ ಎಲ್ಲರಿಗೂ ಒಂದೇ ವಚನವನ್ನು ಇಟ್ಟಿದ್ದೇವೆ. ಅದು ಅಚ್ಚಿನ ತಪ್ಪೆಂದು ವಾಚಕರು ತಿಳಿಯಬಾರದು.

ಮರುವರ್ಷ, 1845ರಲ್ಲಿ, ಅವರು ಮೇರಿ ಮೊಫಟ್ ಅಮ್ಮನವರನ್ನು ವಿವಾಹವಾದರು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದುದರಿಂದ ಇಲ್ಲಿ ನಾವು ಸ್ವಲ್ಪ ನಿಲ್ಲುವೆವು. ಮೇರಿಯಮ್ಮನವರು ಆಫ್ರಿಕದಲ್ಲಿಯೇ ಹುಟ್ಟಿ ಬೆಳೆದವರು. ಅಲ್ಲಿಯ ತ್ಸ್ವಾನಾ ಭಾಷೆಯು ಅವರಿಗೆ ಎಳೆತನದಿಂದಲೇ ಬಂದುದು. ಕೊಲೊಬೆಂಗ್ ಎಂಬಲ್ಲಿ ಚಿಕ್ಕಮಕ್ಕಳ ಶಾಲೆಯನ್ನು ನಡೆಸಿದರು. ರೊಟ್ಟಿ ಸುಡುವುದು, ಮೇಣದ ಬತ್ತಿ ಎರೆಯುವುದು, ಸಾಬೂನು ಕಾಯಿಸುವುದು ಎಲ್ಲವೂ ಮನೆಯಲ್ಲಿಯೇ. ಇಂಥವರನ್ನು ಗಂಡನು 1850ರಲ್ಲಿ, ಅವರು ತುಂಬಿದ ಗರ್ಭಿಣಿಯಾಗಿರುವಾಗ, ಎಳೆಯ ಮಕ್ಕಳೊಡನೆ ಎತ್ತಿನ ಬಂಡಿಯಲ್ಲಿ ಕಲಹಾರಿ ಮರುಭೂಮಿಯನ್ನು ದಾಟಿಸಿದರು. ಹಿಂದಿರುಗಿದ ಮೇಲೆ ಹುಟ್ಟಿದ ಹೆಣ್ಣುಕೂಸು ಎಲಿಜಬೆತ್ ಕೆಲವೇ ವಾರ ಬದುಕಿತು. 1851ರಲ್ಲಿ ಪುನಃ ಗರ್ಭಿಣಿಯಾಗಿದ್ದಾಗ ಪುನಃ ಅದೇ ಮರುಭೂಮಿ. ಮಕ್ಕಳಿಗೆ ಕುಡಿಯುವ ನೀರು ತೀರಿದ ದಿನಗಳೂ ಉಂಟು. ಮಗುವು ದಾರಿಯಲ್ಲಿ ಹೊಳೆಯ ದಡದಲ್ಲಿ ಹುಟ್ಟಿತು. ಮೇರಿಯಮ್ಮನವರ ತಾಯಿಯವರು ಅಳಿಯನಿಗೆ ಬಹು ಕಟುವಾದ ಕಾಗದವನ್ನು ಬರೆದರು. ಆ ಕಾಗದವನ್ನು ಡಾಕ್ಟರರೇ ಪ್ರತಿ ಮಾಡಿ ಇಟ್ಟುಕೊಂಡದ್ದರಿಂದ ಅದು ಉಳಿದಿದೆ. ತನ್ನನ್ನು ಬೈದ ಮಾತನ್ನು ಹರಿದು ಹಾಕದೆ ಇಟ್ಟ ಗುಣವನ್ನು ನಾವು ಮೆಚ್ಚುತ್ತೇವೆ. ಬೈಗುಳವು ಯೋಗ್ಯವಾದುದೆಂದೂ ಹೇಳುತ್ತೇವೆ.

1852ರಲ್ಲಿ ಅವರು ಹೆಂಡತಿಮಕ್ಕಳನ್ನು ಕೇಪ್‌ಟೌನಿನಿಂದ ಹಡಗು ಹತ್ತಿಸಿ ಬ್ರಿಟನ್ನಿಗೆ ಕಳುಹಿಸಿದರು. ಪುನಃ ಅವರ ಮುಖವನ್ನು ಕಂಡದ್ದು 1856ರ ಡಿಸೆಂಬರಿನಲ್ಲಿ. ಆ ನಾಲ್ಕೂವರೆ ವರ್ಷ ಗಂಡನು ಖಂಡವನ್ನು ದಾಟಿ ಕೀರ್ತಿಯನ್ನು ಗಳಿಸುತ್ತಿದ್ದಾಗ, ಪರಿಚಯವಿಲ್ಲದ ಚಳಿದೇಶದಲ್ಲಿ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು, ಅತ್ತೆಮಾವಂದಿರೊಡನೆ ಹೊಂದಿಕೆಯಾಗದೆ, ಬಾಡಿಗೆಯ ಕೋಣೆಯಿಂದ ಬಾಡಿಗೆಯ ಕೋಣೆಗೆ ಅಲೆದವರು ಮೇರಿಯಮ್ಮನವರು. 1862ರಲ್ಲಿ ಅವರು ಗಂಡನಿದ್ದ ಜಂಬೆಜಿ ನದಿಗೆ ಬಂದು ಸೇರಿ, ಮೂರು ತಿಂಗಳೊಳಗೆ ಜ್ವರದಿಂದ ಶುಪಂಗಾ ಎಂಬಲ್ಲಿ ತೀರಿಕೊಂಡರು. ಹಿರಿಯ ಮಗ ರಾಬರ್ಟನು 1864ರಲ್ಲಿ ಅಮೇರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿಯ ವಿರುದ್ಧ ಹೋರಿದ ಪಕ್ಷದ ಸಿಪಾಯಿಯಾಗಿ, ಇಪ್ಪತ್ತು ವರ್ಷವೂ ತುಂಬದೆ ಮಡಿದನು. ಮಕ್ಕಳೊಡನೆ ಹೆಚ್ಚು ಆಟವಾಡದೆ ಹೋದೆನೆಂದು ಡಾಕ್ಟರರು ಮುಪ್ಪಿನಲ್ಲಿ ಪರಿತಪಿಸಿದ್ದಾರೆ. "ತ್ಯಾಗಮಯಿ ಪತ್ನಿ" ಎಂದು ಒಂದು ವಾಕ್ಯದಲ್ಲಿ ಮುಗಿಸುವ ಪುಸ್ತಕಗಳು ನಮಗೆ ಈಗ ಹಿಡಿಸುವುದಿಲ್ಲ. ತ್ಯಾಗವನ್ನು ಮಾಡಿದವರು ಯಾರು, ಮಾಡಿಸಿದವರು ಯಾರು ಎಂಬುದನ್ನು ಬೇರೆ ಬೇರೆಯಾಗಿ ಕೇಳಬೇಕು.

ಇದೇ ಜಾತಿಯ ಇನ್ನೊಂದು ಸಂಗತಿ ಉಂಟು. ಬಕ್ವೇನಾ ಜನರ ಅರಸರಾದ ಸೆಚೆಲೆಯವರು 1848ರಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಲಿವಿಂಗ್‌ಸ್ಟನ್ ಅವರ ಕೈಯಿಂದ ಕ್ರೈಸ್ತರಾದವರಲ್ಲಿ ಅವರ ಹೆಸರೊಂದೇ ಎದ್ದು ಕಾಣುವುದು. ದೀಕ್ಷೆಗೆ ಮೊದಲು ಒಬ್ಬ ಹೆಂಡತಿಯನ್ನು ಮಾತ್ರ ಇಟ್ಟುಕೊಂಡು, ಉಳಿದವರಿಗೆ ಹೊಸ ಬಟ್ಟೆಗಳನ್ನು ಕೊಟ್ಟು, "ನಿಮ್ಮಲ್ಲಿ ತಪ್ಪೇನೂ ಇಲ್ಲ" ಎಂದು ಹೇಳಿಸಿ ತವರಿಗೆ ಕಳುಹಿಸಿದರು. ತಪ್ಪಿಲ್ಲದೆ ತವರಿಗೆ ಬಂದ ಹೆಣ್ಣಿನ ಗತಿಯನ್ನು ನಮ್ಮ ದೇಶದ ತಾಯಂದಿರಿಗೆ ವಿವರಿಸಬೇಕಾದುದಿಲ್ಲ. ಮುಂದೆ ಅರಸರು ಎಡವಿದಾಗ ಡಾಕ್ಟರರು ಅವರನ್ನು ಸಭೆಯ ಭೋಜನದಿಂದ ದೂರವಿಟ್ಟು, ಸ್ವಲ್ಪಕಾಲದಲ್ಲಿ ಉತ್ತರಕ್ಕೆ ಹೊರಟುಹೋದರು. ಸೆಚೆಲೆಯವರಾದರೋ ಊರಲ್ಲಿಯೇ ಇದ್ದು ತಮ್ಮ ಜನರಿಗೆ ತಾವೇ ಬೋಧಿಸಿದರು.

ಇಷ್ಟು ಹೇಳಿದ ಮೇಲೆ ಗುಣವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುವುದು ನ್ಯಾಯ. 1853ರಲ್ಲಿ ಲಿನ್ಯಾಂಟಿಯಿಂದ ಪಶ್ಚಿಮ ಸಮುದ್ರಕ್ಕೆ ಹೊರಟಾಗ ಅವರ ಸಂಗಡ ಅರಸ ಸೆಕೆಲೆಟುವು ಕೊಟ್ಟ 27 ಮಂದಿ ಇದ್ದರು. ದಾರಿಯ ಖರ್ಚಿಗೆ ಆನೆದಂತವೂ ಅರಸನದೇ. 1854ರ ಮೇ ತಿಂಗಳಲ್ಲಿ ಲುವಾಂಡಾ ಬಂದರನ್ನು ಮುಟ್ಟಿದಾಗ ಡಾಕ್ಟರರು ಜ್ವರದಿಂದ ಎಲುಬಿನ ಹಂದರವಾಗಿದ್ದರು. ಸ್ವದೇಶಕ್ಕೆ ಹೋಗುವ ಹಡಗು ಎದುರಿಗೇ ನಿಂತಿದ್ದರೂ, ಈ ಜನರನ್ನು ಮನೆಗೆ ಮುಟ್ಟಿಸುವೆನೆಂದು ಕೊಟ್ಟ ಮಾತಿಗಾಗಿ ಹತ್ತದೆ, ಬಂದ ಕಾಡಿನಲ್ಲಿಯೇ ಹಿಂದಕ್ಕೆ ನಡೆದರು. ಅಲ್ಲಿಂದ ಪೂರ್ವಕ್ಕೆ ನೂರಕ್ಕೂ ಮೇಲ್ಪಟ್ಟ ಜನರೊಡನೆ ಹೊರಟು, 1855ರ ನವೆಂಬರಿನಲ್ಲಿ, ಆ ನಾಡಿನವರು "ಗುಡುಗುವ ಹೊಗೆ" ಎಂಬರ್ಥದ ಹೆಸರಿಟ್ಟಿದ್ದ ಜಲಪಾತವನ್ನು ಕಂಡು ಅದಕ್ಕೆ ತಮ್ಮ ರಾಣಿಯ ಹೆಸರನ್ನಿಟ್ಟರು. ಹೆಸರುಳ್ಳ ವಸ್ತುವಿಗೆ ಹೆಸರಿಡುವ ಈ ಚಪಲವು ಅವರೊಬ್ಬರದೇ ಅಲ್ಲ. ಸಂಗಡಿಗರನ್ನು ತೇಟೆ ಎಂಬಲ್ಲಿ ಬಿಟ್ಟು, ಹಿಂದಿರುಗಿ ಬಂದು ಕರೆದೊಯ್ಯುವೆನೆಂದಿದ್ದರು, 1858ರಲ್ಲಿ ಬಂದರು. ಅಷ್ಟರಲ್ಲಿ ಕೆಲವರು ಸಿಡುಬಿನಿಂದ ಸತ್ತಿದ್ದರು.

ಮಾತು ತಪ್ಪದವರೆಂಬ ಈ ಖ್ಯಾತಿಯೇ ಬೇರೆಯವರಿಗೆ ಮೃತ್ಯುವಾಯಿತೆಂಬುದು ವಿಷಾದದ ಸಂಗತಿ. 1857ರಲ್ಲಿ ಪ್ರಕಟವಾದ ಅವರ ಪ್ರವಾಸಗ್ರಂಥವನ್ನು ಓದಿ ಬ್ರಿಟನ್ನಿನವರು ಮರುಳಾದರು. ಜಂಬೆಜಿ ನದಿಯು ದೇವರು ಕೊಟ್ಟ ಹೆದ್ದಾರಿಯೆಂದು ಅವರು ಸಾರಿದ್ದರು; ಆದರೆ ಕೆಬ್ರಬಾಸಾ ಎಂಬಲ್ಲಿ ನದಿಯು ಬಂಡೆಗಳ ಮೇಲಿಂದ ಧುಮುಕುವ ಭಾಗವನ್ನು ಮೊದಲನೆಯ ಪ್ರಯಾಣದಲ್ಲಿ ಅವರು ಕಣ್ಣಿನಿಂದ ನೋಡಿರಲಿಲ್ಲ. 1858ರಲ್ಲಿ ಉಗಿಯ ದೋಣಿಯೊಡನೆ ಹೋದಾಗ ದಾರಿ ಅಲ್ಲಿಗೇ ನಿಂತಿತು. ಅವರ ಮಾತನ್ನು ನಂಬಿ ಮಕೊಲೊಲೊ ಜನರ ಲಿನ್ಯಾಂಟಿಗೆ ಹೋದ ಎರಡು ಮಿಷನರಿ ಕುಟುಂಬಗಳಲ್ಲಿ 1860ರಲ್ಲಿ ಹೆಲ್ಮೋರ್ ದಂಪತಿಗಳೂ, ಅವರ ಇಬ್ಬರು ಮಕ್ಕಳೂ, ಪ್ರೈಸ್ ಅವರ ಪತ್ನಿಯೂ ಕೂಸೂ ಸತ್ತರು. ಸ್ಟಾನ್ಲಿಯ ಅಥವಾ ಬೆಲ್ಜಿಯಂ ಅರಸನ ಅಪರಾಧಗಳನ್ನು ಲಿವಿಂಗ್‌ಸ್ಟನ್ ಅವರ ಲೆಕ್ಕಕ್ಕೆ ಬರೆಯುವವರಿಗೆ ನಾವು ಒಪ್ಪುವುದಿಲ್ಲ. ನೋಡದ ನದಿಯನ್ನು ನೋಡಿದಂತೆ ಹೇಳಿದ ಲೆಕ್ಕವು ಮಾತ್ರ ಅವರದೇ.

ಈಗ ನಮ್ಮ ದೇಶದ ಸಂಬಂಧಕ್ಕೆ ಬರುವೆವು. ಸರಕಾರವು ಜಂಬೆಜಿಯ ಕಾರ್ಯವನ್ನು ನಿಲ್ಲಿಸಿದ ಮೇಲೆ, 1864ರಲ್ಲಿ ಅವರು "ಲೇಡಿ ನ್ಯಾಸಾ" ಎಂಬ ಚಿಕ್ಕ ಉಗಿದೋಣಿಯನ್ನು ಜಾಂಜಿಬಾರಿನಿಂದ ತಾವೇ ನಡೆಸಿಕೊಂಡು, ಮಳೆಗಾಲದ ಮುಖದಲ್ಲಿ ಸಮುದ್ರವನ್ನು ದಾಟಿ ಬೊಂಬಾಯಿಗೆ ಬಂದರು. 1861ರಲ್ಲಿ ಗುಲಾಮರ ಸಾಲಿನಿಂದ ಬಿಡಿಸಲ್ಪಟ್ಟ ಚೂಮಾ, ವೆಕಟಾನಿ ಎಂಬ ಹುಡುಗರು ಜೊತೆಯಲ್ಲಿದ್ದರು. ಅವರನ್ನು ಬೊಂಬಾಯಿಯಲ್ಲಿ ಡಾಕ್ಟರ್ ಜಾನ್ ವಿಲ್ಸನ್ ಅವರ ಮಿಷನ್ ಶಾಲೆಗೆ ಸೇರಿಸಿದರು. ನಾಸಿಕದ ಬಳಿಯ ಶರಣಪುರದಲ್ಲಿ ಆಗ ಇನ್ನೊಂದು ಮಿಷನ್ ಆಶ್ರಮವಿದ್ದಿತು. ಅರಬ್ಬೀ ಸಮುದ್ರದಲ್ಲಿ ಇಂಗ್ಲಿಷರ ಯುದ್ಧದ ಹಡಗುಗಳು ಹಿಡಿದ ದೋಣಿಗಳಿಂದ ಬಿಡಿಸಿದ ಆಫ್ರಿಕದ ಮಕ್ಕಳು ಅಲ್ಲಿ ಓದುಬರಹವನ್ನೂ ಬಡಗಿ ಕಮ್ಮಾರರ ಕೆಲಸವನ್ನೂ ಕಲಿಯುತ್ತಿದ್ದರು. 1866ರಲ್ಲಿ ಡಾಕ್ಟರರು ಕೊನೆಯ ಪ್ರಯಾಣಕ್ಕೆ ಹೊರಟಾಗ ಈ ಆಶ್ರಮದ ಒಂಬತ್ತು ಯುವಕರೂ, ಬೊಂಬಾಯಿಯ ಹದಿಮೂರು ಸಿಪಾಯಿಗಳೂ, ಚೂಮಾ ವೆಕಟಾನಿಯರೂ, ಶುಪಂಗಾದವರಾದ ಸುಸಿ, ಅಮೋದಾ ಎಂಬವರೂ ಅವರ ಸಂಗಡ ಹೋದರು. ಸಿಪಾಯಿಗಳು ಬೇಗನೆ ಹಿಂದುಳಿದು ಅದೇ ವರ್ಷ ಹಿಂದಕ್ಕೆ ಕಳುಹಿಸಲ್ಪಟ್ಟರು. ಅವರ ಸಂಗತಿ ನಮಗೆ ಹೆಮ್ಮೆ ತರುವಂಥದಲ್ಲ.

ಅದಕ್ಕಿಂತಲೂ ಹೆಮ್ಮೆ ತರದ ಸಂಗತಿಯೊಂದುಂಟು. ಜಾಂಜಿಬಾರಿನಿಂದ ಒಳನಾಡಿಗೆ ಆನೆದಂತಕ್ಕಾಗಿಯೂ ಗುಲಾಮರಿಗಾಗಿಯೂ ಹೋಗುತ್ತಿದ್ದ ಅರಬರ ತಂಡಗಳಿಗೆ ಸಾಲ ಕೊಡುತ್ತಿದ್ದವರಲ್ಲಿ ಮುಖ್ಯರು ಕಚ್ಛದೇಶದಿಂದ ಹೋಗಿ ನೆಲೆಸಿದ್ದ ವರ್ತಕರು. 1871ರಲ್ಲಿ ಲಿವಿಂಗ್‌ಸ್ಟನ್ ಅವರ ಸಹಾಯಕ್ಕೆಂದು ಜಾಂಜಿಬಾರಿನಿಂದ ಬಂದ ಹತ್ತು ಮಂದಿ ಹೊರೆಯಾಳುಗಳು ಈ ವರ್ತಕರ ಗುಲಾಮರೇ ಆಗಿದ್ದರು. ಗುಲಾಮಗಿರಿಯನ್ನು ಶಪಿಸುತ್ತಿದ್ದ ಡಾಕ್ಟರರು ಅವರನ್ನು ಶಪಿಸುತ್ತಲೇ ಜೊತೆಯಲ್ಲಿಟ್ಟುಕೊಂಡರು. ಅದಕ್ಕೆ ಮೊದಲೂ, ಔಷಧದ ಪೆಟ್ಟಿಗೆ ಕಳೆದುಹೋಗಿ, ಎದೆಯ ರೋಗದಿಂದ ಸಾಯುವಂತಾದಾಗ ಅವರನ್ನು ಮಂಚದ ಮೇಲೆ ಹೊರಿಸಿ, ಗಂಜಿ ಕುಡಿಸಿ ಬದುಕಿಸಿದವನು ಮಹಮ್ಮದ್ ಬೊಗಾರಿಬ್ ಎಂಬ ಗುಲಾಮವ್ಯಾಪಾರಿ. ಯಾರ ವ್ಯಾಪಾರವನ್ನು ನಾಶಮಾಡಬೇಕೆಂದು ಹೊರಟರೋ ಅವರ ಅನ್ನವನ್ನೇ ಉಣ್ಣಬೇಕಾದ ಈ ದುರವಸ್ಥೆಯನ್ನು ಅವರು ದಿನಚರಿಯಲ್ಲಿ ಮರೆಮಾಚಲಿಲ್ಲ.

1871ರ ಜುಲೈ 15ರಂದು ಲುವಲಾಬಾ ನದಿಯ ದಡದ ನ್ಯಾಂಗ್ವೆ ಎಂಬ ಊರಿನ ಸಂತೆಯಲ್ಲಿ ಅರಬ ವ್ಯಾಪಾರಿಗಳ ಆಳುಗಳು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು. ಸಂತೆಗೆ ಬಂದಿದ್ದವರಲ್ಲಿ ಹೆಂಗಸರೇ ಹೆಚ್ಚು: ಮೀನು, ಉಪ್ಪು, ಮಡಕೆ, ಕೋಳಿಗಳನ್ನು ತಲೆಯ ಮೇಲೆ ಹೊತ್ತು ಮೈಲಿಗಟ್ಟಲೆ ನಡೆದು ಬಂದವರು. ದೋಣಿಗಳಿಗಾಗಿ ನುಗ್ಗಿ ನದಿಯಲ್ಲಿ ಮುಳುಗಿದವರೂ ಸೇರಿ ಮುನ್ನೂರು ನಾನೂರು ಜನ ಸತ್ತರು. ಡಾಕ್ಟರರು ಕಣ್ಣಾರೆ ಕಂಡು ಬರೆದ ಈ ವರ್ತಮಾನವು, ಸ್ಟಾನ್ಲಿಯು ಅವರನ್ನು ಕಂಡು ಹಿಂದಿರುಗಿದ ಮೇಲೆ, ಬ್ರಿಟನ್ನಿನಲ್ಲಿ ಬೆಂಕಿಯಂತೆ ಹಬ್ಬಿತು. 1873ರ ಜೂನ್ ತಿಂಗಳಲ್ಲಿ ಜಾಂಜಿಬಾರಿನ ಸುಲ್ತಾನನು ಗುಲಾಮರ ಸಂತೆಯನ್ನು ಮುಚ್ಚುವ ಕರಾರಿಗೆ ಒಪ್ಪಬೇಕಾಯಿತು. ಕಾಗದ ತೀರಿದ್ದುದರಿಂದ ಅವರು ಹಳೆಯ ವರ್ತಮಾನಪತ್ರಿಕೆಯ ಮೇಲೆ ಕಾಡುಗಿಡದ ಬಣ್ಣದಿಂದ ಬರೆದ ಮೂಲ ದಿನಚರಿಯು ಮಾಸಿ ಓದಲಾರದಂತೆ ಹೋಗಿದ್ದಿತು. ವಿದ್ವಾಂಸರು ಹೊಸ ಬಗೆಯ ಛಾಯಾಗ್ರಹಣದಿಂದ ಅದನ್ನು ಬೆಳಕಿಗೆ ತಂದು 2011ರಲ್ಲಿ ಪ್ರಕಟಿಸಿದರು. ಅದಕ್ಕೂ, ಅವರು ಮುಂದೆ ಶುದ್ಧಪ್ರತಿಯಾಗಿ ಬರೆದಿಟ್ಟುದಕ್ಕೂ ಭೇದವುಂಟು: ತಮ್ಮ ತಂಡದ ಗುಲಾಮ ಆಳುಗಳ ಕ್ರೌರ್ಯದ ಬಗ್ಗೆ ಮೂಲದಲ್ಲಿದ್ದ ಮಾತುಗಳು ಪ್ರತಿಯಲ್ಲಿ ಮೃದುವಾಗಿವೆ. ಆ ಆಳುಗಳಲ್ಲಿ ಕೆಲವರೂ ಕೊಲೆಯಲ್ಲಿ ಸೇರಿದ್ದರೋ ಎಂಬ ಸಂದೇಹವನ್ನು ವಿದ್ವಾಂಸರು ಎತ್ತಿದ್ದಾರೆ, ಸಿದ್ಧವಾಗಿಲ್ಲ. ಇಷ್ಟರಿಂದ ಆ ಸಾಕ್ಷಿಯು ಸುಳ್ಳಾಗುವುದಿಲ್ಲ. ಸಂತೆಗೆ ಬಂದ ಆ ಹೆಂಗಸರ ಸಾವಿಗೆ ಅಷ್ಟು ದೂರದ ದರಬಾರಿನಲ್ಲಿ ಬೇರೆ ಸಾಕ್ಷಿ ಯಾರಿದ್ದರು?

ಚರ್ಚಾಕೂಟದ ಎರಡನೆಯ ಪಕ್ಷದವರಿಗೆ ದೊರೆಯದೆ ಹೋದ ಒಂದು ಬಲವಾದ ನಿದರ್ಶನವನ್ನು ನಾವೇ ಕೊಡುವೆವು. 1861ರಲ್ಲಿ ಬಿಡುಗಡೆ ಹೊಂದಿದ ಗುಲಾಮರನ್ನು ನೆಲೆಗೊಳಿಸಿದ್ದು ಮಗೊಮೆರೋ ಎಂಬ ಸ್ಥಳದಲ್ಲಿ. ಮೂವತ್ತು ವರ್ಷಗಳ ಮೇಲೆ, ಬ್ರಿಟಿಷರ ಆಳ್ವಿಕೆ ಬಂದಾಗ, ಅದೇ ಮಗೊಮೆರೋ ಸುತ್ತಿನ ಸುಮಾರು 1,70,000 ಎಕರೆ ಭೂಮಿಯು ಡಾಕ್ಟರರ ಅಳಿಯನ ವಶವಾಗಿ, ಮುಂದೆ ಮೊಮ್ಮಕ್ಕಳಿಗೆ ಬಂದಿತು. ಅಲ್ಲಿ ವಾಸಿಸುವ ಬಡವರು ಬಾಡಿಗೆಗೆ ಬದಲಾಗಿ ತಿಂಗಳುಗಟ್ಟಲೆ ಬಿಟ್ಟಿ ದುಡಿಯಬೇಕಾಗಿದ್ದಿತು. ಅವರು ಕಟ್ಟಿಕೊಂಡ ಪ್ರಾರ್ಥನಾಮಂದಿರಗಳನ್ನು ತೋಟದ ಮೇನೇಜರು ಸುಡಿಸಿದನು. 1915ರಲ್ಲಿ ಜಾನ್ ಚಿಲೆಂಬ್ವೆ ಎಂಬ ಆಫ್ರಿಕದ ಪಾದ್ರಿಯವರು ಅದರ ವಿರುದ್ಧ ದಂಗೆಯೆದ್ದು ಪ್ರಾಣವನ್ನು ತೆತ್ತರು. ಅಜ್ಜನು ಸಂಕೋಲೆ ಬಿಚ್ಚಿದ ನೆಲದಲ್ಲಿ ಮೊಮ್ಮಕ್ಕಳ ಬಿಟ್ಟಿಕೂಲಿ! ಆದರೂ ಆ ದೇಶದವರ ತೀರ್ಪು ನಮ್ಮ ಮಕ್ಕಳ ತೀರ್ಪಿಗಿಂತ ವಿಚಿತ್ರವಾಗಿದೆ. ಸ್ವಾತಂತ್ರ್ಯ ಬಂದ ಮೇಲೆ ಸ್ಟಾನ್ಲಿಯ ಹೆಸರಿನ ಪಟ್ಟಣವು ಕಿಸಂಗಾನಿಯೆಂದೂ, ಲಿಯೋಪೋಲ್ಡನ ಹೆಸರಿನದು ಕಿನ್ಶಾಸಾ ಎಂದೂ ಬದಲಾದವು. ಜಾಂಬಿಯಾದ ಲಿವಿಂಗ್‌ಸ್ಟನ್ ಪಟ್ಟಣವೂ ಮಲಾವಿಯ ಬ್ಲಾಂಟೈರ್ ನಗರವೂ ಹಳೆಯ ಹೆಸರಿನಲ್ಲಿಯೇ ಇವೆ.

ಹಿಂದಿನ ಬೆಂಚಿನ ಬಾಲಕಿಗೆ ಇನ್ನೂ ಉತ್ತರ ಕೊಡಲಿಲ್ಲ. 1873ರ ಮೇ ತಿಂಗಳ ಆರಂಭದಲ್ಲಿ, ಚಿತಾಂಬೊ ಎಂಬ ಮುಖ್ಯಸ್ಥನ ಹಳ್ಳಿಯಲ್ಲಿ, ಡಾಕ್ಟರರು ಮಂಚದ ಪಕ್ಕದಲ್ಲಿ ಮೊಣಕಾಲೂರಿದಂತೆಯೇ ಸತ್ತಿದ್ದುದನ್ನು ಸಂಗಡಿಗರು ಕಂಡರು. ಹೂಳಿಬಿಟ್ಟು ಚದರಿಹೋಗಿದ್ದರೆ ಕೇಳುವವರಿರಲಿಲ್ಲ. ಅವರು ಹೃದಯವನ್ನು ಒಂದು ಮರದ ಬುಡದಲ್ಲಿ ಹೂಳಿ, ದೇಹಕ್ಕೆ ಉಪ್ಪು ಸವರಿ, ಹದಿನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಬಟ್ಟೆಯಲ್ಲಿಯೂ ಮರದ ತೊಗಟೆಯಲ್ಲಿಯೂ ಸುತ್ತಿ, ಸಾವಿರ ಮೈಲಿಗೂ ಮೇಲ್ಪಟ್ಟ ದಾರಿಯನ್ನು ಒಂಬತ್ತು ತಿಂಗಳು ನಡೆದು 1874ರ ಫೆಬ್ರವರಿಯಲ್ಲಿ ಬಗಮೋಯೋ ಬಂದರಿಗೆ ತಂದರು. ದಾರಿಯಲ್ಲಿ ಎದುರಾದ ಇಂಗ್ಲಿಷ್ ಅಧಿಕಾರಿ ಕ್ಯಾಮೆರನ್ನನು ಅಲ್ಲಿಯೇ ಹೂಳಿರೆಂದು ಹೇಳಿದರೂ ಕೇಳಲಿಲ್ಲ. ಹೆಣವನ್ನು ಒಯ್ಯಗೊಡದ ಊರಿನಲ್ಲಿ ಬಟ್ಟೆಯ ಮೂಟೆಯಂತೆ ಕಟ್ಟಿ ದಾಟಿಸಿದರು. ಮುಂದಾಳುಗಳು ಸುಸಿಯವರು ಮತ್ತು ಚೂಮಾ ಅವರು. ಜೊತೆಯಲ್ಲಿ ಹೆಂಗಸರೂ ಇದ್ದರು: ಚೂಮಾ ಅವರ ಪತ್ನಿ ನ್ತಾವೊಯೇಕಾ, ಅಮೋದಾ ಅವರ ಪತ್ನಿ ಹಲೀಮಾ. ಹಲೀಮಾ ಅವರು ಅಡಿಗೆಯನ್ನು ನೋಡಿಕೊಂಡವರು; ಏನನ್ನೂ ಕದಿಯದ ಜಾಣೆಯೆಂದೂ, ಜಾಂಜಿಬಾರ್ ಮುಟ್ಟಿದ ಮೇಲೆ ಅವರನ್ನು ಬಿಡುಗಡೆ ಮಾಡಿ ಮನೆಯನ್ನೂ ತೋಟವನ್ನೂ ಕೊಂಡುಕೊಡುವೆನೆಂದೂ ಡಾಕ್ಟರರು ದಿನಚರಿಯಲ್ಲಿ ಬರೆದಿದ್ದರು. ತೀರವನ್ನು ಮುಟ್ಟಿದವರಿಗೆ ಕೂಲಿಯನ್ನು ಎಣಿಸಿ ಕೊಟ್ಟು, ಹೋಗಿರೆಂದರು.

1874ರ ಏಪ್ರಿಲ್ 18ರಂದು ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿಯಾಯಿತು. ದೇಹವು ಅವರದೇ ಎಂದು ವೈದ್ಯರು ಗುರುತಿಸಿದ್ದು ಸಿಂಹವು ಜಜ್ಜಿದ ತೋಳಿನಿಂದ. ಹೊತ್ತು ತಂದವರ ಪೈಕಿ ಆ ದಿನ ಅಲ್ಲಿದ್ದವರು ಒಬ್ಬರೇ: ನಾಸಿಕದ ಆಶ್ರಮದಲ್ಲಿ ಓದಿದ ಜೇಕಬ್ ವೈನ್‌ರೈಟ್ ಅವರು. ಸುಸಿಯವರೂ ಚೂಮಾ ಅವರೂ ಬಂದು ಮುಟ್ಟುವಾಗ ಎಲ್ಲವೂ ಮುಗಿದಿತ್ತು.

ಆ ದೇವಾಲಯದ ಕಲ್ಲಿನ ಮೇಲೆ ಅವರನ್ನು ನಂಬಿಗಸ್ತರಾದವರ ಕೈಗಳು ನೆಲಜಲಗಳನ್ನು ದಾಟಿಸಿ ತಂದವೆಂದು ಕೆತ್ತಿದೆ, ಕೈಗಳಿಗೆ ಹೆಸರಿಲ್ಲ. ಚಿತಾಂಬೊ ಹಳ್ಳಿಯ ಮರದ ಮೇಲೆ ಜೇಕಬ್ ಅವರು ಚೂರಿಯಿಂದ ಕೆತ್ತಿದ ಬರಹವು ಬೇರೆ ತರದ್ದು. ಅದರಲ್ಲಿ ಡಾಕ್ಟರ್ ಲಿವಿಂಗ್‌ಸ್ಟನ್ ಎಂಬ ಹೆಸರೂ ತಾರೀಖೂ ಇದ್ದು, ಅದೇ ಮರದಲ್ಲಿ ಯಜೂಜಾ, ಮ್ನಿಯಸೆರೆ, ವ್ಚೊಪೆರೆ ಎಂಬ ಸಂಗಡಿಗರ ಹೆಸರುಗಳೂ ಇದ್ದವು. ಮರವು ಮುಪ್ಪಾಗಿ ಒಣಗಿತು. ಬರಹವಿದ್ದ ಭಾಗವನ್ನು ಕಡಿದು ಲಂಡನ್ನಿಗೆ ಒಯ್ದು ಇಟ್ಟರು.